ಪಾಸಾದವರ ಪುಸ್ತಕ

ರಾಯಚೂರು ಬಸ್ ನಿಲ್ದಾಣದ ಹೊರಗೆ, ಕಾಂಪೌಂಡ್ ಗೋಡೆಗೆ ಒರಗಿ ಕೂತು ಹಳೇ ಪುಸ್ತಕ ಮಾರುವ ಹಂಪಣ್ಣನ ಹತ್ತಿರ ಗಿರಾಕಿಗಳು ಮೊದಲು ಕೇಳುವುದು ಬೆಲೆಯನ್ನಲ್ಲ. ಪುಸ್ತಕ ಕೈಗೆತ್ತಿಕೊಂಡು ಎರಡು ಹಾಳೆ ತಿರುವಿ, "ಇದರದಾಕಿ ಪಾಸಾಗ್ಯಾಳೇನು?" ಎಂದು ಅದನ್ನು ಮೊದಲು ಓದಿದವಳ ಬಗ್ಗೆ ಕೇಳುತ್ತಾರೆ. ಸಂತೆಯಲ್ಲಿ ಎತ್ತಿನ ಹಲ್ಲು ನೋಡದೆ ಹಗ್ಗ ಹಿಡಿಯದ ಜನ. ಫೇಲಾದವರ ಪುಸ್ತಕ ಮನೆಗೆ ತಂದರೆ ಆ ಫೇಲು ಅದರ ಹಿಂದೆಯೇ ಹೊಸಿಲು ದಾಟಿ ಬರುತ್ತದೆ ಎಂದು ದೇವದುರ್ಗದಿಂದ ಮಟಮಾರಿಯವರೆಗೆ ಎಲ್ಲ ತಂದೆ ತಾಯಿಯರೂ ನಂಬಿದ್ದಾರೆ. ಮೇಷ್ಟ್ರುಗಳೂ ಕೇಳದೆ ಬಿಡುವುದಿಲ್ಲ, ಸ್ವಲ್ಪ ದನಿ ತಗ್ಗಿಸಿ ಕೇಳುತ್ತಾರೆ ಅಷ್ಟೆ.

ಹಂಪಣ್ಣ ಅದಕ್ಕೇ ಪುಸ್ತಕ ಕೈಗೆ ಬಂದ ಕೂಡಲೇ ಹೆಸರು ಬರೆದ ಮೊದಲ ಹಾಳೆಯನ್ನು ಹರಿದು ಎಸೆಯುತ್ತಾನೆ. ಆಮೇಲೆ ಅವನ ಬಾಯಿಗೆ ಲಗಾಮಿಲ್ಲ. "ಫಸ್ಟ್ ಕ್ಲಾಸ್ರೀ, ಈಗ ಎಂಜಿನಿಯರಿಂಗ್ ಓದಾಕತ್ತಾನ." "ಇದರದಾಕಿ ನರ್ಸ್ ಆಗ್ಯಾಳ, ಸರ್ಕಾರಿ ನೌಕರಿ." ಅವನ ಗೋಣಿತಾಟಿನ ಮೇಲೆ ಫೇಲಾದವರ ಒಂದು ಪುಸ್ತಕವೂ ಇಲ್ಲ. ಇಷ್ಟು ಬುದ್ಧಿವಂತರೆಲ್ಲ ರಾಯಚೂರು ಜಿಲ್ಲೆಯಲ್ಲಿ ಹುಟ್ಟಿ ಎಲ್ಲಿಗೆ ಹೋದರೋ ದೇವರೇ ಬಲ್ಲ.

ಕಂಡಕ್ಟರ್ ನೇತ್ರಾವತಿಗೆ ಈ ಜಾಗ ಹೊಸದಲ್ಲ. ದೇವದುರ್ಗದ ಪಕ್ಕದ ಹಳ್ಳಿಯಲ್ಲಿ, ಕುರಿ ಕಾಯುವ ಮನೆಯಲ್ಲಿ ಹುಟ್ಟಿದವಳು. ಮಂದೆ ಮೇವು ಹುಡುಕಿಕೊಂಡು ಹೋದಲ್ಲೆಲ್ಲ ಶಾಲೆ ಬದಲಿಸುತ್ತ ಹಟ ಹಿಡಿದು ಎಸ್ಸೆಸ್ಸೆಲ್ಸಿ ಮುಗಿಸಿದಳು. ಮದುವೆಯಾದ ಮೇಲೆ ಕಂಡಕ್ಟರ್ ಪರೀಕ್ಷೆಗೆ ಓದಿದ್ದು ಹಂಪಣ್ಣನ ಹತ್ತಿರ ಕೊಂಡ, ಮುಖಪುಟವೇ ಇಲ್ಲದ ಒಂದು ಗೈಡಿನಿಂದ. ಅವಳೂ ಕೇಳಿದ್ದಳು, "ಇದರದಾತ ಪಾಸಾಗ್ಯಾನಾ?" ಎಂದು. "ತಹಶೀಲ್ದಾರ್ ಆಗ್ಯಾನ್ರೀ" ಅಂದಿದ್ದ ಹಂಪಣ್ಣ. ಕಂಡಕ್ಟರ್ ಪರೀಕ್ಷೆಯ ಗೈಡು ಓದಿ ಒಬ್ಬ ತಹಶೀಲ್ದಾರ್ ಹೇಗಾದ ಎಂದು ಅವಳು ಕೇಳಲಿಲ್ಲ. ಒಳ್ಳೆಯ ಮಾತನ್ನು ಅಷ್ಟು ಕೆದಕಬಾರದು.

ನೌಕರಿ ಸಿಕ್ಕಿತು. ಖಾಕಿ ಅಂಗಿ ಬಂತು, ಹೆಗಲಿಗೆ ಚರ್ಮದ ಚೀಲ ಬಂತು, ನಾಲಿಗೆಗೆ ಹರಿತ ಬಂತು. ಗಂಡ ರೇವಣಸಿದ್ದ ಕುರಿಗಳ ಹಿಂದೆ, ಇವಳು ಬಸ್ಸಿನ ಜೊತೆ. ಸಂಜೆ ದೇವದುರ್ಗದ ಮನೆಯಲ್ಲಿ ಇಬ್ಬರ ಮೈಯಲ್ಲೂ ಧೂಳು ಒಂದೇ ಬಣ್ಣದ್ದು ಎಂದು ಅತ್ತೆ ಬೂದೆಮ್ಮ ನಗುತ್ತಿದ್ದಳು. ಒಬ್ಬಳೇ ಮಗಳು, ಭಾಗ್ಯಜ್ಯೋತಿ. ಅವಳು ಹತ್ತನೇ ತರಗತಿಯಲ್ಲಿ ಶಾಲೆಗೇ ಮೊದಲಿಗಳಾಗಿ ರಾಯಚೂರಿನಲ್ಲಿ ಸೈನ್ಸ್ ತೆಗೆದುಕೊಂಡು ಹಾಸ್ಟೆಲ್ ಸೇರಿದಾಗ, ನೇತ್ರಾವತಿ ಆ ದಿನ ಚಿಲ್ಲರೆ ಇಲ್ಲದವರನ್ನೂ ಬೈಯಲಿಲ್ಲ. ಹುಡುಗಿ ಡಾಕ್ಟರಾಗುತ್ತೇನೆ ಅನ್ನುತ್ತಿದ್ದಳು. ಕುರಿಗೆ ಸೂಜಿ ಚುಚ್ಚಲು ಬರುವವನನ್ನೇ ಡಾಕ್ಟರ್ ಎಂದು ಕರೆಯುವ ಮನೆಯಲ್ಲಿ ಅದು ಬಹಳ ದೊಡ್ಡ ಮಾತು.

ನೇತ್ರಾವತಿಯ ಬಸ್ಸು ಬೆಳಿಗ್ಗೆ ದೇವದುರ್ಗ ಬಿಟ್ಟು ರಾಯಚೂರಿಗೆ ಬಂದು, ಅಲ್ಲಿಂದ ಕಲ್ಲೂರಿನ ಮೇಲೆ ಮಾನ್ವಿಗೆ ಹೋಗಿ ತಿರುಗಿ ಬರುತ್ತ ಸಂಜೆಯವರೆಗೆ ಓಡಾಡುತ್ತಿತ್ತು. ರಾಯಚೂರಿನಲ್ಲಿ ನಡುವೆ ಸ್ವಲ್ಪ ಬಿಡುವು. ಡ್ರೈವರ್ ಹನುಮಂತ್ರಾಯ ಚಹಾಕ್ಕೆ ಹೋದರೆ ಇವಳು ಹಂಪಣ್ಣನ ಹತ್ತಿರ ಓಡುವಳು. ಹಾಸ್ಟೆಲಿನಿಂದ ಮಗಳೂ ಓಡಿ ಬಂದಿರುವಳು. ತಾಯಿ ಮಗಳು ಕುಕ್ಕರಗಾಲಿನಲ್ಲಿ ಕೂತು ರಾಶಿ ಕೆದಕುವುದನ್ನು ನೋಡಿದರೆ ಇವರಿಗೆ ಇಲ್ಲಿ ಬಂಗಾರ ಹುಗಿದಿಟ್ಟ ಸುಳಿವು ಸಿಕ್ಕಿದೆ ಅನ್ನಬೇಕು. ಹೊಸ ಪುಸ್ತಕದ ಅಂಗಡಿಗೆ ಹೋದರೆ ಬೇಕಾದದ್ದನ್ನು ಕೇಳಿ ತರಬಹುದು. ಇಲ್ಲಿ ಹಾಗಲ್ಲ. ಏನು ಸಿಗುತ್ತದೆಂದು ಮಾರುವವನಿಗೇ ಗೊತ್ತಿಲ್ಲ. ಒಂದರೊಳಗೆ ಬಾಡಿದ ಬೇವಿನೆಲೆ, ಒಂದರೊಳಗೆ ಯಾರದೋ ಮದುವೆಯ ಲಗ್ನಪತ್ರಿಕೆ, ಒಂದರೊಳಗೆ ನೇತ್ರಾವತಿಯ ಬಸ್ಸಿನದೇ ಹಳೇ ಟಿಕೆಟ್. ಆ ಟಿಕೆಟ್ ಸಿಕ್ಕ ದಿನ ಮಗಳು, "ಯವ್ವಾ, ಇದರದಾಕಿಗೆ ನೀನ ಟಿಕೆಟ್ ಹರಿದಿದ್ದಿ ನೋಡಬೇ" ಎಂದು ಕುಣಿದಿದ್ದಳು. ಕಂಕುಳಲ್ಲಿ ಪುಸ್ತಕದ ಕಟ್ಟು ಇಟ್ಟುಕೊಂಡು ಬಸ್ಸಿಗೆ ಓಡುವಾಗ ನೇತ್ರಾವತಿಗೆ ತಾನು ಶಾಲೆಯ ಹುಡುಗಿಯಾದಂತೆ ಅನಿಸುತ್ತಿತ್ತು. ಅವಳ ಬದುಕಿನಲ್ಲಿ ಅಂಥ ಸುಖ ಬೇರೆ ಇರಲಿಲ್ಲ, ಅದನ್ನು ಅವಳೇ ಹೇಳುತ್ತಿದ್ದಳು.

ಆದರೆ ಭಾಗ್ಯಜ್ಯೋತಿಗೆ ಕಾಲೇಜು ಕಷ್ಟವಾಯಿತು. ಅಲ್ಲಿಯವರೆಗೆ ಎಲ್ಲವನ್ನೂ ಕನ್ನಡದಲ್ಲಿ ಓದಿದ ಹುಡುಗಿ, ಈಗ ಎಲ್ಲವೂ ಇಂಗ್ಲಿಷ್. ತನಗೆ ಗೊತ್ತಿದ್ದ ವಿಷಯವೇ ಮುಖ ಮುಚ್ಚಿಕೊಂಡು ಎದುರಿಗೆ ನಿಂತರೆ ಗುರುತು ಹಿಡಿಯುವುದು ಹೇಗೆ? ಹಾಸ್ಟೆಲಿನಲ್ಲಿ ಅತ್ತು ಅತ್ತು ಕಣ್ಣು ಬಾತುಕೊಂಡಿದ್ದವು. "ಕುರಿ ಕಾಯಾಕ ಹೋಗ್ತೀನಿ" ಅಂದಳು ಒಂದು ದಿನ. ಅದೇ ವಾರ ಆ ಪುಸ್ತಕ ಸಿಕ್ಕಿತು.

ಮಳೆ ಹನಿಯುತ್ತಿತ್ತು. ಹಂಪಣ್ಣ ನೀಲಿ ತಾಡಪತ್ರೆ ಎಳೆದು ಮುಚ್ಚುತ್ತಿದ್ದ. ರೈಲ್ವೆ ಪರೀಕ್ಷೆಯ ಗೈಡುಗಳ ರಾಶಿಯ ಅಡಿಯಿಂದ ಭಾಗ್ಯಜ್ಯೋತಿ ಒಂದು ದಪ್ಪನೆಯ ಬಯಾಲಜಿ ಪುಸ್ತಕ ಎಳೆದು, ತೆರೆದು, "ಯವ್ವಾ!" ಎಂದು ಕಿರುಚಿದಳು. ಚೇಳು ಕಡಿಯಿತೇನೋ ಎಂದು ನೇತ್ರಾವತಿ ಚಪ್ಪಲಿ ಕೈಗೆತ್ತಿಕೊಂಡಳು. ಚೇಳಲ್ಲ. ಆ ಇಂಗ್ಲಿಷ್ ಪುಸ್ತಕದ ಪ್ರತಿ ಕಠಿಣ ಪದದ ತಲೆಯ ಮೇಲೂ ಯಾರೋ ಪೆನ್ಸಿಲಿನಲ್ಲಿ, ಸಣ್ಣ ದುಂಡು ಅಕ್ಷರದಲ್ಲಿ, ಕನ್ನಡದ ಅರ್ಥ ಬರೆದಿದ್ದರು. ಕೋಶ, ಅಂಗಾಂಶ, ದ್ಯುತಿಸಂಶ್ಲೇಷಣೆ. ಹಾಳೆಯ ಮೇಲೆ ಹಾಳೆ. ಮುಖ ಮುಚ್ಚಿಕೊಂಡು ನಿಂತವರೆಲ್ಲ ಒಬ್ಬೊಬ್ಬರಾಗಿ ಸೆರಗು ಸರಿಸಿ ನಕ್ಕರು. ಹುಡುಗಿ ಮಳೆಯಲ್ಲೇ ಕೂತು ಓದತೊಡಗಿದಳು, ಕಣ್ಣಲ್ಲಿ ನೀರು, ಬಾಯಲ್ಲಿ ನಗು.

"ಇದರದಾಕಿ ಪಾಸಾಗ್ಯಾಳೇನು ಹಂಪಣ್ಣ?" ಕೇಳಿದಳು ನೇತ್ರಾವತಿ.

"ಪಾಸೇನ್ ಕೇಳ್ತೀರೀ ಯವ್ವಾ! ಬಳ್ಳಾರ್ಯಾಗ ಡಾಕ್ಟ್ರಿ ಓದಾಕತ್ತಾಳ."

ಪೆನ್ಸಿಲಿನ ಅರ್ಥಗಳು ಪುಸ್ತಕದ ನಡುವಿನವರೆಗೆ ಮಾತ್ರ ಇದ್ದವು. ಹೃದಯದ ಪಾಠದಲ್ಲಿ, ಒಂದು ಹಾಳೆಯ ಅರ್ಧಕ್ಕೆ ನಿಂತುಬಿಟ್ಟಿದ್ದವು. "ಅರ್ಧಕ್ಕ ಯಾಕ ಬಿಟ್ಟಾಳ?" ಎಂದು ನೇತ್ರಾವತಿ ಕೇಳಿದ್ದಕ್ಕೆ ಮಗಳು, "ಅಷ್ಟೊತ್ತಿಗೆ ಆಕಿಗೆ ಇಂಗ್ಲಿಷ್ ಬಂದಿರತದ ಬಿಡಬೇ, ಅರ್ಥ ಯಾಕ ಬೇಕು? ನನಗೂ ಅಲ್ಲಿತನಕ ಓದೋದ್ರಾಗ ಬರತದ" ಅಂದಳು. ಇಬ್ಬರಿಗೂ ಆ ಮಾತು ಬಹಳ ಹಿಡಿಸಿತು. ಬಳ್ಳಾರಿಯಲ್ಲಿ ಬಿಳಿ ಕೋಟು ಹಾಕಿಕೊಂಡು ಓಡಾಡುವ ಆ ಕಾಣದ ಹುಡುಗಿಯನ್ನು ಅವರು ಮನೆಯ ಹಿರಿಮಗಳೆಂಬಂತೆ ನೆನೆಯುತ್ತಿದ್ದರು.

ಭಾಗ್ಯಜ್ಯೋತಿಗೆ ಇಂಗ್ಲಿಷ್ ಬಂತು. ಆದರೂ ಅವಳು ಉಳಿದ ಅರ್ಧಕ್ಕೆ ತಾನೇ ಅರ್ಥ ಬರೆಯುತ್ತ ಹೋದಳು, ತಾಯಿ ಕೊಡಿಸಿದ ಹಸಿರು ಪೆನ್ನಿನಲ್ಲಿ. ಕವಾಟ, ಧಮನಿ, ಮೂತ್ರಪಿಂಡ. "ನನಗ ಬೇಕಾಗಿಲ್ಲ. ನನ್ನ ಹಿಂದ ಬರಾಕಿಗೆ ಬೇಕಾಗತದಲ್ಲ" ಅನ್ನುತ್ತಿದ್ದಳು. ಹಳೇ ಪುಸ್ತಕದಲ್ಲಿ ಓದಿದವರಿಗೆ ಮಾತ್ರ ಬರುವ ಬುದ್ಧಿ ಅದು.

ಎರಡನೇ ವರ್ಷದ ಸಂಕ್ರಾಂತಿ ಆದ ಮೇಲೆ ಅವಳಿಗೆ ಜ್ವರ ಬಂತು. ಜ್ವರ ತಲೆಗೇರಿತು. ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರುಗಳು ತಮ್ಮ ಕೈಲಾದದ್ದೆಲ್ಲ ಮಾಡಿದರು. ಕುರಿಹಟ್ಟಿಯ ಪಕ್ಕದ ಹೊಲದಲ್ಲಿ ಅವಳನ್ನು ಮಣ್ಣು ಮಾಡಿದರು. ಇದನ್ನು ಇದಕ್ಕಿಂತ ಉದ್ದ ಹೇಳಿ ಏನೂ ಆಗಬೇಕಾಗಿಲ್ಲ.

ನೇತ್ರಾವತಿ ಎಷ್ಟೋ ದಿನ ಎಚ್ಚರವಿದ್ದೂ ಇಲ್ಲದಂತೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಆ ದಿನಗಳಲ್ಲೇ ರೇವಣಸಿದ್ದ ತನ್ನ ಲೆಕ್ಕದಲ್ಲಿ ಸರಿಯಾದ ಒಂದು ಕೆಲಸ ಮಾಡಿದ. ಅವರ ಮನೆತನದಲ್ಲಿ ಒಂದು ಪದ್ಧತಿ ಇದೆ. ಕುರಿ ಸತ್ತರೆ ಅದರ ಕೊರಳಿನ ಗಂಟೆಯನ್ನು ಮನೆಯಲ್ಲಿ ಇಡುವುದಿಲ್ಲ, ಮಾರುವುದಿಲ್ಲ, ಹುಗಿಯುವುದೂ ಇಲ್ಲ. ಬಿಚ್ಚಿದ ಗಂಟೆಯನ್ನು ಇನ್ನೊಂದು ಜೀವದ ಕೊರಳಿಗೆ ಕಟ್ಟಬೇಕು. ಸುಮ್ಮನೆ ಗೂಟಕ್ಕೆ ತೂಗುವ ಗಂಟೆ ಮಂದೆಯ ಸಾವನ್ನು ಕರೆಯುತ್ತದೆ ಎಂದು ಹಿರಿಯರ ಮಾತು. ಬೂದೆಮ್ಮ ಮೊಮ್ಮಗಳ ಬಟ್ಟೆಗಳನ್ನು ಹಳ್ಳಕ್ಕೆ ಬಿಡಿಸಿದಳು. ಪುಸ್ತಕ ಸರಸ್ವತಿ, ನೀರಿಗೆ ಬಿಡುವಂತಿಲ್ಲ. ಅಕ್ಷರ ಬಾರದ ರೇವಣಸಿದ್ದ ಮಗಳ ಟ್ರಂಕು ಹೊತ್ತು ರಾಯಚೂರಿಗೆ ಹೋಗಿ, ಎಲ್ಲವನ್ನೂ ಹಂಪಣ್ಣನ ಮುಂದೆ ಇಟ್ಟ. "ಇವು ಇಲ್ಲಿಂದ ಬಂದ್ವು. ನಮ್ಮ ಮಗಳು ಹೋದ್ಲು. ಯಾವುದಾರ ಕೂಸಿನ ಕೊರಳಿಗೆ ಕಟ್ಟಪಾ" ಅಂದ. ಹಂಪಣ್ಣ ಕೊಡಲು ಬಂದ ದುಡ್ಡನ್ನು ಮುಟ್ಟದೆ ಬಂದ.

ಎದ್ದು ಕೂತ ನೇತ್ರಾವತಿಗೆ ಟ್ರಂಕು ಬರಿದಾಗಿ ಕಂಡಿತು. ಗಂಡನನ್ನು ಅವಳು ಬೈದ ಬೈಗುಳ ಓಣಿಯವರೆಲ್ಲ ಕೇಳಿದರು. ಅವನು ತಲೆ ಬಗ್ಗಿಸಿ ನಿಂತಿದ್ದ. ಅವತ್ತಿನಿಂದ ಅವಳು ಅವನೊಡನೆ ಮಾತು ಬಿಟ್ಟಳು. ಉಳಿದ ಪುಸ್ತಕ ಹೋದರೆ ಹೋಗಲಿ, ಆ ಬಯಾಲಜಿ ಒಂದು ತಿರುಗಿ ಬರಬೇಕು. ಅದರಲ್ಲಿ ಮಗಳ ಕೈ ಇದೆ. ಮಣ್ಣಿನ ಮೇಲೆ ಅವಳ ಕೈಯಿಂದ ಉಳಿದದ್ದು ಅದಿಷ್ಟೇ.

ಹಂಪಣ್ಣ ಕೈ ಹೊಸೆದ. "ನಾ ಒಬ್ಬಾಂವ ಎಲ್ಲಾ ಇಟ್ಟುಕೊಳ್ಳಂಗಿಲ್ರೀ ಯವ್ವಾ. ನಾಕು ಮಂದಿ ಹಂಚಿಕೊಂಡೀವಿ. ಕಾಲೇಜ್ ಚಾಲೂ ಆದಾಗ ಹೊರಗ ಬೀಳ್ತಾವ, ನೋಡೂನು." ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಆದರೂ ಅವಳು ಅದನ್ನೇ ನಂಬಿ ಬೇಸಿಗೆ ಕಳೆದಳು. ಬಿಡುವಿದ್ದಾಗಲೆಲ್ಲ ರಾಯಚೂರಿನ ಫುಟ್‌ಪಾತಿನ ರಾಶಿಗಳನ್ನು ಕೆದಕಿದಳು. ಮಾನ್ವಿಯ ರದ್ದಿ ಅಂಗಡಿಗಳಿಗೆ ಹೋದಳು, ವಾರದ ರಜೆಯಲ್ಲಿ ಪೋತ್ನಾಳದವರೆಗೂ ಹೋಗಿ ಬಂದಳು. ಮೊದಲು ಅದೇ ರಾಶಿಗಳಲ್ಲಿ ಏನು ಸಿಕ್ಕರೂ ಹಬ್ಬವಾಗುತ್ತಿತ್ತು. ಈಗ ಒಂದೊಂದು ಪುಸ್ತಕವೂ, ಅದಲ್ಲ ಎನ್ನುವ ಒಂದೇ ಕಾರಣಕ್ಕೆ, ಅವಳಿಗೆ ಶತ್ರುವಾಯಿತು.

ಕಾಲೇಜುಗಳು ಶುರುವಾದವು. ಬಸ್ಸಿನಲ್ಲಿ ಹುಡುಗಿಯರು ತುಂಬಿದರು. ಹೆಂಗಸರಿಗೆ ಟಿಕೆಟ್ ಬಿಟ್ಟಿಯಾದ ಮೇಲೆ ಹಳ್ಳಿಯ ಹುಡುಗಿಯರು ಕಾಲೇಜಿಗೆ ಬರುವುದು ಹೆಚ್ಚಾಗಿತ್ತು. ನೇತ್ರಾವತಿ ಮಶೀನು ಒತ್ತಿ ಶೂನ್ಯದ ಚೀಟಿ ಹರಿದು ಕೊಡುತ್ತ ಪ್ರತಿ ಮಡಿಲನ್ನೂ ನೋಡುತ್ತಿದ್ದಳು. "ಏನ್ರೀ ಅಕ್ಕಾರ, ನಮ್ಮ ಬ್ಯಾಗಿನ್ಯಾಗ ಏನ್ ಹುಡುಕತೀರಿ?" ಎಂದು ಒಬ್ಬಳು ನಕ್ಕಳು.

ಆಷಾಢದ ಒಂದು ಸಂಜೆ, ಬಸ್ಸು ರಾಯಚೂರು ಬಿಟ್ಟು ಮಾನ್ವಿಯ ಕಡೆ ಹೊರಟಿತ್ತು. ನಡುವಿನ ಸೀಟಿನಲ್ಲಿ ತಂದೆ ಮಗಳು ಕೂತಿದ್ದರು. ತಂದೆ ಹೆಗಲ ಮೇಲೆ ಟವೆಲ್ಲು ಹಾಕಿದ ರೈತ, ಮಗಳಿಗೆ ಎರಡು ಜಡೆ. ಮಡಿಲಲ್ಲಿ ದಪ್ಪನೆಯ ಪುಸ್ತಕ ತೆರೆದಿಟ್ಟುಕೊಂಡು ಅವಳು ಬೆರಳಾಡಿಸುತ್ತ ತಂದೆಗೆ ಹೇಳುತ್ತಿದ್ದಳು. "ನೋಡಪ್ಪಾ, ಎಲ್ಲಾದಕ್ಕೂ ಕನ್ನಡದಾಗ ಬರದಾರ. ಇಲ್ಲಿತನಕ ಪೆನ್ಸಿಲು, ಇಲ್ಲಿಂದ ಮುಂದ ಹಸರು ಪೆನ್ನು. ಅಯ್ಯಯ್ಯಪ್ಪಾ, ನನಗೇ ಅಂತ ಬರದಂಗ ಅದ!"

ನೇತ್ರಾವತಿ ಸೀಟಿನ ಕಂಬ ಹಿಡಿದು ನಿಂತಳು. ಬಗ್ಗಿ ನೋಡುವ ಅಗತ್ಯವೂ ಇರಲಿಲ್ಲ. 'ಕವಾಟ'ದ ಟಕಾರಕ್ಕೆ ಬಾಲ ಉದ್ದ ಎಳೆಯುವ ಕೈ ಯಾರದೆಂದು ಅವಳಿಗೆ ಹೇಳಿಕೊಡಬೇಕೆ?

"ಎಲ್ಲಿಗೆ?" ಎಂದಳು.

"ಕಲ್ಲೂರ್ರೀ. ನನಗೊಂದು ಕೊಡ್ರಿ, ಆಕಿದು ಫ್ರೀ. ದುರ್ಗಾ, ಕಾರ್ಡ್ ತೋರಸವ್ವ." ತಂದೆಯ ಮುಖದಲ್ಲಿ ಸಂತೋಷ ಹಿಡಿಸುತ್ತಿರಲಿಲ್ಲ. ಕಂಡಕ್ಟರಿಗೂ ಒಂದು ಪಾಲು ಕೊಡುವವನಂತೆ ಹೇಳಿದ. "ನನ್ನ ಹೆಸರು ಕನಕರಾಯ ಅಂತ್ರೀ. ಮಗಳಿಗೆ ಸೈನ್ಸ್ ಹಚ್ಚೀನಿ. ಇಂಗ್ಲಿಷ್ ಬರಂಗಿಲ್ಲಂತ ವಾರದಿಂದ ಉಂಡಿಲ್ಲ ನೋಡ್ರಿ ಇಕಿ. ಇವತ್ತ ಈ ಪುಸ್ತಕ ಸಿಕ್ತು. ಇದರದಾಕಿ ಡಾಕ್ಟ್ರಿ ಓದಾಕತ್ತಾಳಂತ, ಅಂಗಡಿಯಂವ ಹೇಳಿದ. ಕುರುಬರ ಹುಡುಗೀನ ಅಂತ್ರೀ, ನಮ್ಮೋಳ ಆತು. ಬಾಳ ಶಾಣ್ಯಾಕಿ ಅಂತ."

ಒಂದು ಗಳಿಗೆ ನೇತ್ರಾವತಿಯ ಮಗಳು ಎಲ್ಲೋ ಉದ್ದನೆಯ ಪಡಸಾಲೆಯಲ್ಲಿ ಬಿಳಿ ಕೋಟು ಹಾಕಿಕೊಂಡು, ಊಟಕ್ಕೂ ಬಿಡುವಿಲ್ಲದೆ ಓಡಾಡುತ್ತಿದ್ದಳು. ಅದಕ್ಕೇ ಮನೆಗೆ ಬಂದಿಲ್ಲ. ಅಷ್ಟೇ, ಬಿಡುವಿಲ್ಲ. ತಾಯಿಗೆ ನಗು ಬಂತು. ಆ ನಗುವಿನಲ್ಲೇ ಹಿಂದಿನ ಸೀಟುಗಳಿಗೆ ಹೋಗಿ ಚೀಟಿ ಹರಿದಳು.

ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ಕಲ್ಲೂರು ಹತ್ತಿರ ಬರುತ್ತಿತ್ತು. ಇವರು ಇಳಿದರೆ ಪುಸ್ತಕವೂ ಇಳಿಯುತ್ತದೆ. ಅವಳು ತಿರುಗಿ ಬಂದು ಬಗ್ಗಿ, "ತಂಗೀ, ಈ ಪುಸ್ತಕ ನನಗ ಕೊಡ್ತಿಯೇನವ್ವ? ಹೊಸಾದು ಕೊಡಸ್ತೀನಿ, ನಾಳೇನ" ಅಂದಳು.

ದುರ್ಗಾ ಪುಸ್ತಕವನ್ನು ಎದೆಗೆ ಒತ್ತಿಕೊಂಡಳು. "ಹೊಸಾದ್ರಾಗ ಇದು ಇರಂಗಿಲ್ರೀ ಅಕ್ಕಾರ."

ನಿಜವೇ. ಭಾಗ್ಯಜ್ಯೋತಿ ಕೂಡ ಇದೇ ಮಾತು ಅನ್ನುತ್ತಿದ್ದಳು, ಹೀಗೇ ಒತ್ತಿಕೊಳ್ಳುತ್ತಿದ್ದಳು. ಅಲ್ಲಿಗೆ ಬಿಡಬಹುದಿತ್ತು. ಬಿಡಬೇಕೆಂದು ಅವಳ ಮನಸ್ಸಿನ ಒಂದು ಮೂಲೆ ಹೇಳುತ್ತಲೂ ಇತ್ತು. ಆದರೆ ಬಸ್ಸು ನಿಂತಿತು, ತಂದೆ ಎದ್ದ, ಹುಡುಗಿ ಪುಸ್ತಕವನ್ನು ಚೀಲಕ್ಕೆ ಹಾಕತೊಡಗಿದಳು, ಹಸಿರು ಅಕ್ಷರಗಳು ಕತ್ತಲೆಗೆ ಇಳಿಯುತ್ತಿದ್ದವು. ಎರಡನೇ ಸಲ ಮಣ್ಣು ಮಾಡುವುದನ್ನು ನೇತ್ರಾವತಿಯಿಂದ ನೋಡಲಾಗಲಿಲ್ಲ.

"ಯಪ್ಪಾ, ಆ ಹುಡುಗಿ ಡಾಕ್ಟ್ರಿ ಓದಾಕತ್ತಿಲ್ಲ. ಆಕಿ ಸತ್ತಾಳ. ಆಕಿ ನನ್ನ ಮಗಳು" ಅಂದಳು.

ಕನಕರಾಯ ಸಿಟ್ಟಿಗೇಳಲಿಲ್ಲ. ಖಾಕಿ ಅಂಗಿಯನ್ನು ನೋಡಿದ, ಮಗಳನ್ನು ನೋಡಿದ, ಮಗಳ ಚೀಲದಿಂದ ಪುಸ್ತಕ ಎಳೆದ. ಅವಳು ಬಿಡಲಿಲ್ಲ, ಅವನು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಪುಸ್ತಕವನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಸೀಟಿನ ಮೇಲೆ ಮೆತ್ತಗೆ ಇಟ್ಟ.

"ನಮಗ ಬ್ಯಾಡ್ರೀ ಯವ್ವಾ. ತಪ್ಪು ತಿಳಕೋಬ್ಯಾಡ್ರಿ. ನನಗೂ ಒಬ್ಬಾಕೇ ಮಗಳು."

ಅವರು ಇಳಿದರು. ದುರ್ಗಾ ಕೆಳಗಿನಿಂದ ಬಾಯಿ ತೆರೆದು ಅಳುತ್ತ ಕಿಟಕಿಯ ಕಡೆಗೇ ನೋಡುತ್ತಿದ್ದಳು. ಹನುಮಂತ್ರಾಯ ಕನ್ನಡಿಯಲ್ಲಿ ನೋಡಿ, "ಅಕ್ಕಾ, ರೈಟ್ ಅನ್ನು" ಎಂದ. ನೇತ್ರಾವತಿ ಸೀಟಿ ಬಾಯಿಗಿಟ್ಟಳು, ಉಸಿರು ಹೊರಡಲಿಲ್ಲ. ಯಾರೋ ಪ್ರಯಾಣಿಕರು ಬಸ್ಸಿನ ಗೋಡೆ ಬಡಿದರು, ಬಸ್ಸು ಹೊರಟಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ರಾತ್ರಿ ಮನೆಗೆ ಬಂದು ಪುಸ್ತಕವನ್ನು ದೀಪದ ಕೆಳಗೆ ಇಟ್ಟಳು. ಬೂದೆಮ್ಮ ಎದ್ದು ಒಳಗೆ ಹೋದಳು. ರೇವಣಸಿದ್ದ ಬಂದು ಕೂತು, ಓದಲು ಬಾರದ ಕಣ್ಣಿನಿಂದ ಅದರ ಮುರಿದ ಮೂಲೆಯನ್ನು ನೋಡಿ ಗುರುತು ಹಿಡಿದ. ಎಷ್ಟೋ ತಿಂಗಳ ಮೇಲೆ ಗಂಡ ಹೆಂಡತಿ ಮಾತಾಡಿದರು.

"ಎಲ್ಲಿ ಸಿಕ್ತು?"

"ಕಲ್ಲೂರಿನ ಹುಡುಗಿ ಹತ್ರ ಇತ್ತು."

"ಕೊಟ್ಟಳಾ?"

"ಇಸಗೊಂಡೆ." ಹೇಗೆ ಎಂಬುದನ್ನೂ ಹೇಳಿದಳು.

ಅವನು ಬೇಸರವೂ ಇಲ್ಲದ ದನಿಯಲ್ಲಿ, "ಜೀವ ಇರೋ ಕೊರಳಾಗಿಂದ ಗಂಟಿ ಬಿಚ್ಚಿಕೊಂಡು ಬಂದಿಯಲ್ಲ" ಅಂದ.

ಅವಳಿಗೆ ಬೆಂಕಿ ಹತ್ತಿತು. "ನಿನಗ ಕುರಿ ಬಿಟ್ರ ಏನ್ ಗೊತ್ತದ?" ಎಂದು ಚೀರಿದಳು. ಅವನು ಎದ್ದು ಹಟ್ಟಿಗೆ ಹೋದ. ಅವಳು ಹಾಳೆಗಳನ್ನು ತಿರುವಿದಳು. ಇಷ್ಟು ದಿನ ಹುಡುಕಿದ್ದು ಕೈಗೆ ಬಂದಿತ್ತು. ಹಸಿರು ಅಕ್ಷರಗಳ ಮೇಲೆ ಬೆರಳಿಟ್ಟಳು, ಕೆನ್ನೆ ಇಟ್ಟಳು. ಅವು ಪುಸ್ತಕದ ಕೊನೆಯವರೆಗೆ ಹೋಗಿರಲಿಲ್ಲ. ಒಂದು ಪಾಠದ ನಡುವೆ, ಒಂದು ಸಾಲಿನ ಮೇಲೆ, ಇದ್ದಕ್ಕಿದ್ದಂತೆ ನಿಂತಿದ್ದವು. ಅಲ್ಲಿಂದ ಮುಂದೆ ಹಾಳೆಗಳೆಲ್ಲ ಬೋಳು. ಯಾಕೆ ನಿಂತವೆಂದು ತಾಯಿಗೆ ಗೊತ್ತು.

ಆಗ ಅವಳ ಕೈ ತಾನಾಗಿಯೇ ಹಿಂದಕ್ಕೆ ಹೋಯಿತು. ಹೃದಯದ ಪಾಠ. ಪೆನ್ಸಿಲಿನ ದುಂಡು ಅಕ್ಷರಗಳು ಹಾಳೆಯ ಅರ್ಧಕ್ಕೆ, ಹೀಗೆಯೇ, ಇದ್ದಕ್ಕಿದ್ದಂತೆ ನಿಂತಿದ್ದವು. ಇಂಗ್ಲಿಷ್ ಬಂದವರು ಪಾಠ ಮುಗಿಸಿ ನಿಲ್ಲಿಸುತ್ತಾರೆ, ಹಾಳೆಯ ನಡುವೆ ನಿಲ್ಲಿಸುವುದಿಲ್ಲ. ನೇತ್ರಾವತಿ ಪುಸ್ತಕ ಮುಚ್ಚಿ ದೂರ ಸರಿಸಿದಳು.

ಮರುದಿನ ರಾಯಚೂರಿನಲ್ಲಿ ಬಸ್ಸು ನಿಂತ ಕೂಡಲೇ ಹೋದಳು. ಹಂಪಣ್ಣ ಅವಳನ್ನು ನೋಡಿ ಮುಖ ತಿರುಗಿಸಿದ. ಬೆಳಿಗ್ಗೆಯೇ ಕನಕರಾಯ ಬಂದು ಹತ್ತು ಜನರ ಎದುರಿಗೆ ಕೂಗಾಡಿ ಹೋಗಿದ್ದ.

"ಪೆನ್ಸಿಲಿನಾಕಿ ಬಳ್ಳಾರ್ಯಾಗ ಡಾಕ್ಟ್ರಿ ಓದಾಕತ್ತಾಳ ಅಂದಿದ್ದಿ. ಖರೇ ಏನು?"

"ಯಾರಿಗೊತ್ತರೀ ಯವ್ವಾ? ರದ್ದಿ ಮೂಟ್ಯಾಗ ಬಂದಿತ್ತು. ಯಾರದು, ಯಾವ ಊರು, ನಾ ಕೇಳಿಲ್ಲ."

"ಮತ್ತ ಯಾಕ ಹಂಗ ಅಂದಿ?"

"ನೀವು ಕೇಳಿದ್ರಿ, ಹೇಳಿದೆ!" ಹಂಪಣ್ಣನಿಗೂ ಸಿಟ್ಟು ಬಂದಿತ್ತು. "ಇಲ್ಲಿ ಖರೇ ಕೇಳಾಕ ಯಾರ ಬರತಾರ್ರೀ? ನನ್ನ ಅಂಗಡ್ಯಾಗ ಯಾರೂ ಫೇಲಾಗಿಲ್ಲ, ಯಾರೂ ಸತ್ತಿಲ್ಲ. ನಿಮ್ಮ ಯಜಮಾನ್ರು ಬಂದು ಯಾವುದಾರ ಕೂಸಿನ ಕೊರಳಿಗೆ ಕಟ್ಟಂದ್ರು. ಸತ್ತಾಕಿದು ಅಂದ್ರ ಯಾರ್ ಕಟ್ಟಿಸಿಕೊಳ್ತಾರ? ಡಾಕ್ಟರ್ ಮಾಡಿ ಕಳಿಸಿದ್ದೆ ನಿಮ್ಮ ಮಗಳನ್ನ. ಇರಲಿ ಅಂತ ಬಿಡಬೇಕಿಲ್ಲೋ?"

ಒಬ್ಬ ಹೆಂಗಸು ಮಗನ ಕೈ ಹಿಡಿದು ಬಂದು ಒಂದು ಗಣಿತದ ಪುಸ್ತಕ ಎತ್ತಿದಳು. ಪಾಸಾಗ್ಯಾನಾ ಎಂದು ಕೇಳಲಿಲ್ಲ. "ಇದರದಾತ ಬದುಕ್ಯಾನೇನು?" ಎಂದು ಕೇಳಿದಳು. ಹಂಪಣ್ಣ ನೇತ್ರಾವತಿಯನ್ನು ನೋಡಿದ. ಅವಳು ಅಲ್ಲಿ ನಿಲ್ಲಲಾರದೆ ಬಸ್ಸಿನ ಕಡೆ ನಡೆದಳು.

ಪುಸ್ತಕವನ್ನು ತಿರುಗಿ ಕೊಡಬೇಕೆಂದು ಅವಳು ಆ ದಿನವೇ ನಿರ್ಧರಿಸಿದಳು. ಮನೆಯಲ್ಲಿ ಅದು ಇರುವುದು ಬೂದೆಮ್ಮನಿಗೂ ಬೇಡ. ಟಿಕೆಟ್ ಚೀಲದ ಜೊತೆ ಬಟ್ಟೆಯ ಚೀಲದಲ್ಲಿ ಇಟ್ಟುಕೊಂಡು ದಿನವೂ ಕಲ್ಲೂರಿನಲ್ಲಿ ಇಳಿಯುವವರ ನಡುವೆ ಎರಡು ಜಡೆ ಹುಡುಕಿದಳು. ಶ್ರಾವಣ ಬಂದ ಮೇಲೆ ಒಂದು ಸಂಜೆ ದುರ್ಗಾ ಕಂಡಳು. ಇವಳ ಬಸ್ಸನ್ನು ಬೇಕೆಂದೇ ಬಿಡುತ್ತಿದ್ದಳೇನೋ, ಅವತ್ತು ಬೇರೆ ಬಸ್ಸು ಇರಲಿಲ್ಲ. ಕಿಟಕಿಯ ಪಕ್ಕ ಮುದುಡಿ ಕೂತಿದ್ದಳು, ಮೊದಲಿಗಿಂತ ಸೊರಗಿದ್ದಳು. ಮಡಿಲಲ್ಲಿ ಹೊಚ್ಚ ಹೊಸ ಬಯಾಲಜಿ ಪುಸ್ತಕ, ಇನ್ನೂ ಅಂಗಡಿಯ ವಾಸನೆ.

ನೇತ್ರಾವತಿ ಹಳೆಯದನ್ನು ತೆಗೆದು ಮುಂದೆ ಹಿಡಿದಳು. "ತಗೋ ತಂಗೀ. ನಿನಗ ಅಂತನ ಆಕಿ ಬರದಾಳ. ನಾ ಹೇಳಬಾರದಿತ್ತು. ನಿಮ್ಮಪ್ಪಗ ತೋರಸಬ್ಯಾಡ."

ಹುಡುಗಿ ಕೈ ಮುಂದೆ ಚಾಚಲಿಲ್ಲ. ಆ ಪುಸ್ತಕ ಮೈಗೆ ತಾಕೀತೆಂಬಂತೆ ಕಿಟಕಿಗೆ ಇನ್ನಷ್ಟು ಒತ್ತಿಕೊಂಡಳು.

"ಬ್ಯಾಡ್ರೀ. ನನಗ ಅಂಜಿಕಿ ಆಗತದ. ಹಸರು ಪೆನ್ನು ಎಲ್ಲಿಗೆ ನಿಂತದೋ ಅಲ್ಲಿಗೆ ನಾನೂ..." ಎಂದು ಅಷ್ಟಕ್ಕೇ ನಿಲ್ಲಿಸಿದಳು.

ನೇತ್ರಾವತಿ ಆ ಮುಖವನ್ನೇ ನೋಡಿದಳು. ಮಗಳ ಕೈಬರಹವನ್ನು ಕಂಡು ಅಯ್ಯಯ್ಯಪ್ಪಾ ಎಂದು ಹಿಗ್ಗಿದ್ದು ಇದೇ ಹುಡುಗಿ. ಅದೇ ಕೈಬರಹಕ್ಕೆ ಈಗ ಹೆದರುತ್ತಿದ್ದಾಳೆ. ಹಾಗೆ ಮಾಡಿದವಳು ತಾನು, ಬೇರೆ ಯಾರೂ ಅಲ್ಲ. ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಳು.

ಮುಂದಿನವರಿಗೆ ಚೀಟಿ ಕೊಟ್ಟು ತಿರುಗಿ ಬರುವಾಗ ನೋಡಿದಳು. ದುರ್ಗಾಳ ಬೆರಳು ಹೊಸ ಪುಸ್ತಕದ ಒಂದು ಪದದ ಮೇಲೆ ನಿಂತಿತ್ತು. ತುಟಿಗಳು ಅದನ್ನು ವೆನ್, ಟ್ರಿ, ಕಲ್ ಎಂದು ಮೂರು ತುಂಡು ಮಾಡಿ ಕೂಡಿಸಲು ಹೆಣಗುತ್ತಿದ್ದವು. ಹೃದಯದ ಚಿತ್ರವಿದ್ದ ಹಾಳೆ ಅದು. ಆ ಪದ ನೇತ್ರಾವತಿಗೆ ಗೊತ್ತಿತ್ತು. ಇಷ್ಟು ದಿನ ಅವಳು ಓದಿದ್ದು ಅದೊಂದೇ ಪುಸ್ತಕವನ್ನು. ಪೆನ್ಸಿಲು ನಿಂತ ಮೇಲೆ ಹಸಿರು ಪೆನ್ನು ಬರೆದ ಮೊದಲ ಪದ.

"ಹೃತ್ಕುಕ್ಷಿ" ಅಂದಳು ಮೆಲ್ಲಗೆ.

ಹುಡುಗಿ ತಲೆ ಎತ್ತಿದಳು. ಅದೇ ಅರ್ಥವೆಂದು ಅವಳಿಗೆ ಗೊತ್ತಾಯಿತು, ಕಣ್ಣಿನಲ್ಲಿ ಕಂಡಿತು. ಅದು ಯಾರು ಬರೆದ ಮಾತೆಂಬುದೂ ಗೊತ್ತಾಯಿತು. ಕೈಯಲ್ಲಿ ಪೆನ್ನು ಇತ್ತು. ಬರೆದುಕೊಳ್ಳಲಿಲ್ಲ. ಪುಸ್ತಕ ಮುಚ್ಚಿ, ಅದರ ಮೇಲೆ ಎರಡೂ ಕೈ ಇಟ್ಟು, ಕಿಟಕಿಯ ಆಚೆ ನೋಡತೊಡಗಿದಳು. ಕಲ್ಲೂರು ಬಂತು. ನೇತ್ರಾವತಿ ಸೀಟಿ ಊದಿ ಬಸ್ಸು ನಿಲ್ಲಿಸಿದಳು, ಅವಳು ಇಳಿಯಲು ದಾರಿ ಬಿಟ್ಟು ಪಕ್ಕಕ್ಕೆ ಸರಿದಳು.